ಶಾಲೆಯ ಲೆಕ್ಕಪುಸ್ತಕವೂ ಮಕ್ಕಳಿಗೆ ಪಾಠ ಹೇಳುತ್ತದೆ

ಸಂಪಾದಕರಿಗೆ,

ಮಾನ್ಯರೇ,

ಕಥೋಲಿಕ ಧರ್ಮಸಭೆಯ ಸಾಮಾಜಿಕ ಬೋಧನೆಯನ್ನು ಶಾಲೆಯಲ್ಲಿ ಹೇಗೆ ಆಚರಣೆಗೆ ತರುತ್ತೀರಿ ಎಂದು ಯಾವ ಕಥೋಲಿಕ ಶಾಲೆಯನ್ನು ಕೇಳಿದರೂ ಹೆಚ್ಚುಕಡಿಮೆ ಒಂದೇ ಉತ್ತರ ಸಿಗುತ್ತದೆ: ವಾರಕ್ಕೊಂದು ಮೌಲ್ಯ ಶಿಕ್ಷಣದ ಪೀರಿಯಡ್ಡು, ವರ್ಷಕ್ಕೊಮ್ಮೆ ಅನಾಥಾಲಯಕ್ಕೋ ವೃದ್ಧಾಶ್ರಮಕ್ಕೋ ಭೇಟಿ, ಪರಿಸರ ದಿನದಂದು ಒಂದಷ್ಟು ಗಿಡ. ಇವು ಯಾವುವೂ ಕೆಟ್ಟವಲ್ಲ. ಆದರೆ ಶುಲ್ಕ ಹೇಗೆ ವಸೂಲಾಗುತ್ತದೆ, ಶೌಚಾಲಯ ತೊಳೆಯುವವರ ಕೈಗೆ ತಿಂಗಳ ಕೊನೆಗೆ ಎಷ್ಟು ಸೇರುತ್ತದೆ, ಯಾವ ಮನೆಯ ಮಕ್ಕಳಿಗೆ ಪ್ರವೇಶ ಸಿಗುತ್ತದೆ, ತಪ್ಪು ಮಾಡಿದ ಮಗುವಿನ ಜತೆ ಯಾವ ದನಿಯಲ್ಲಿ ಮಾತಾಡುತ್ತಾರೆ ಎಂಬುದನ್ನೆಲ್ಲ ಮಕ್ಕಳು ದಿನವೂ ನೋಡುತ್ತಿರುತ್ತಾರೆ. ಪೀರಿಯಡ್ಡಿನಲ್ಲಿ ಕೇಳಿದ ಮಾತಿಗೂ ಕಣ್ಣಾರೆ ಕಂಡದ್ದಕ್ಕೂ ತಾಳೆಯಾಗದಿದ್ದರೆ ಅವರು ನಂಬುವುದು ಕಂಡದ್ದನ್ನೇ. ಈ ಬೋಧನೆಯನ್ನು ಕಾರ್ಯಕ್ರಮಗಳ ಪಟ್ಟಿಯಿಂದ ತೆಗೆದು ಶಾಲೆಯ ಆಡಳಿತದೊಳಗೆ, ಮುಖ್ಯವಾಗಿ ಲೆಕ್ಕಪತ್ರದೊಳಗೆ ತರಬೇಕು ಎಂಬುದು ನಮ್ಮ ಅಭಿಪ್ರಾಯ. ಅದನ್ನು ಮಾಡುವ ಬಗೆಯನ್ನು ತುಸು ವಿವರವಾಗಿ ಬರೆಯುತ್ತಿದ್ದೇವೆ.

ಈ ಬೋಧನೆ ಎಂದರೇನೆಂದು ತಿಳಿಯದ ಓದುಗರಿಗೆ ಎರಡು ಮಾತು. 1891ರ ಮೇ 15ರಂದು ಪೋಪ್ ಹದಿಮೂರನೇ ಲಿಯೋ ಕಾರ್ಮಿಕರ ಸ್ಥಿತಿಗತಿಯ ಬಗ್ಗೆ ಹೊರಡಿಸಿದ ‘ರೇರುಮ್ ನೊವಾರುಮ್’ ಎಂಬ ಪರಿಪತ್ರದಿಂದ (ಪರಿಪತ್ರವೆಂದರೆ ಪೋಪ್ ಧರ್ಮಸಭೆಗೆ ಬರೆಯುವ ಬೋಧನಾ ಪತ್ರ) ಇದರ ಆಧುನಿಕ ಪರಂಪರೆ ಶುರುವಾಗುತ್ತದೆ. 2025ರಲ್ಲಿ ಆಯ್ಕೆಯಾದ ಪೋಪ್ ಹದಿನಾಲ್ಕನೇ ಲಿಯೋ, ತಾವು ಆ ಹೆಸರನ್ನು ಆರಿಸಿಕೊಳ್ಳಲು ಮುಖ್ಯ ಕಾರಣ ಈ ಪರಿಪತ್ರವೇ ಎಂದು ಹೇಳಿದ್ದಾರೆ. ನಡುವಿನ ಕಾಲದಲ್ಲಿ ಬಂದ ಪರಿಪತ್ರಗಳು, ಜಗತ್ತಿನ ಬಿಷಪರು ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆಯ ದಾಖಲೆಗಳು ಎಲ್ಲವನ್ನೂ ಸೇರಿಸಿ 2004ರಲ್ಲಿ ಒಂದು ಸಂಗ್ರಹ ಗ್ರಂಥವೇ ಪ್ರಕಟವಾಯಿತು. ಪ್ರತಿ ಮನುಷ್ಯನ ಘನತೆ, ಎಲ್ಲರ ಒಳಿತು, ಪರಸ್ಪರ ಹೊಣೆ, ಬಡವರಿಗೆ ಮೊದಲ ಗಮನ, ದುಡಿಮೆಯ ಗೌರವ, ಸೃಷ್ಟಿಯ ಪಾಲನೆ, ಕೆಳಗಿನವರು ತಾವೇ ಮಾಡಬಲ್ಲ ಕೆಲಸವನ್ನು ಮೇಲಿನವರು ಕಸಿದುಕೊಳ್ಳಬಾರದೆಂಬ ನಿಯಮ — ತಿರುಳು ಇಷ್ಟು. ಇವನ್ನು ಬಣ್ಣದ ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸಲು ಅರ್ಧ ದಿನ ಸಾಕು. ಶುಲ್ಕದ ರಸೀದಿಯಲ್ಲಿ ಕಾಣುವಂತೆ ಮಾಡಲು ಎರಡು ಮೂರು ವರ್ಷ ಬೇಕು.

ಮೊದಲು ಶುಲ್ಕದ ವಿಷಯ. ಕಥೋಲಿಕ ಶಾಲೆಗಳ ಕುರಿತು 1977ರಲ್ಲಿ ವ್ಯಾಟಿಕನ್‌ನ ಶಿಕ್ಷಣ ವಿಭಾಗ ಹೊರಡಿಸಿದ ದಾಖಲೆ ಒಂದು ಎಚ್ಚರಿಕೆ ಕೊಟ್ಟಿದೆ: ಉಳ್ಳವರ ಮಕ್ಕಳಿಗೆ ಮಾತ್ರ ಅಥವಾ ಹೆಚ್ಚಾಗಿ ಅವರಿಗೇ ಕಲಿಸುವ ಶಾಲೆ, ಅವರ ಸವಲತ್ತನ್ನು ಕಾಪಾಡುತ್ತ ಅನ್ಯಾಯದ ಸಮಾಜಕ್ಕೇ ಒತ್ತಾಸೆಯಾಗಬಹುದು. ಶುಲ್ಕವಿಲ್ಲದೆ ಶಾಲೆ ನಡೆಯದು, ನಿಜ. ಆದರೆ ಮನೆಯವರನ್ನು ಹಣ್ಣು ಮಾಡುವುದು ಬಹಳ ಸಲ ಘೋಷಿತ ಶುಲ್ಕವಲ್ಲ, ವರ್ಷವಿಡೀ ತೊಟ್ಟಿಕ್ಕುವ ಸಣ್ಣ ಬಾಬ್ತುಗಳು: ಪ್ರಾಜೆಕ್ಟಿನ ಸಾಮಗ್ರಿ, ವಾರ್ಷಿಕೋತ್ಸವದ ಉಡುಪು, ಪ್ರವಾಸ, ಗುಂಪು ಫೋಟೊ, ಕ್ರೀಡಾದಿನದ ಬೇರೆ ಬಣ್ಣದ ಅಂಗಿ, ಯಾರದೋ ಬೀಳ್ಕೊಡುಗೆಯ ಉಡುಗೊರೆ. ಒಂದೊಂದೂ ಚಿಕ್ಕದು, ಒಬ್ಬೊಬ್ಬ ಶಿಕ್ಷಕರು ಒಂದೊಂದನ್ನು ಕೇಳುತ್ತಾರೆ. ಹಾಗಾಗಿ ಒಟ್ಟು ಮೊತ್ತ ಶಾಲೆಯ ಯಾವ ಕಡತದಲ್ಲೂ ಇರುವುದಿಲ್ಲ.

ಇದಕ್ಕೆ ಮಾಡಬೇಕಾದ ಕೆಲಸ ಸರಳ. ಒಂದು ಶೈಕ್ಷಣಿಕ ವರ್ಷ ಪೂರ್ತಿ ಪ್ರತಿ ತರಗತಿಗೆ ಒಂದು ನೋಟ್‌ಬುಕ್ ಇಡಿ. ಮಗುವಿನಿಂದ ಹಣವನ್ನೋ ವಸ್ತುವನ್ನೋ ಕೇಳಿದಾಗಲೆಲ್ಲ ದಿನಾಂಕ, ಕಾರಣ, ಅಂದಾಜು ಖರ್ಚು, ಕೇಳಿದವರು ಯಾರು ಎಂದು ಅದರಲ್ಲಿ ಬರೆಯಿರಿ. ಅಂಗಡಿಯಿಂದ ತರಬೇಕಾದ ಚಾರ್ಟ್ ಹಾಳೆ, ಥರ್ಮಾಕೋಲು ಕೂಡ ಬರಲಿ. ಶಾಲೆ ಹಣ ಮುಟ್ಟಲಿಲ್ಲವೆಂದು ಅದು ಖರ್ಚಲ್ಲದೆ ಹೋಗುವುದಿಲ್ಲ. ವರ್ಷದ ಕೊನೆಗೆ ಕೂಡಿಸಿ ನೋಡಿ ಮೂರು ಗುಂಪು ಮಾಡಿ: ಕಲಿಕೆಗೆ ಬೇಕೇಬೇಕಾದದ್ದು, ಶಾಲೆಯೇ ಒಟ್ಟಿಗೆ ಕೊಂಡರೆ ಅಗ್ಗವಾಗುವಂಥದ್ದು, ಬಿಟ್ಟರೂ ನಡೆಯುವಂಥದ್ದು. ಮೂರನೆಯ ಗುಂಪನ್ನು ಆ ವರ್ಷವೇ ಕೈಬಿಡಿ. ಎರಡನೆಯದನ್ನು ಶಾಲೆ ಸಗಟಾಗಿ ಕೊಂಡು ಎಲ್ಲ ಮಕ್ಕಳಿಗೂ ಒಂದೇ ರೀತಿ ಹಂಚಲಿ. ಮೊದಲನೆಯದು ವರ್ಷದ ಆರಂಭದಲ್ಲೇ ಶುಲ್ಕದ ಪಟ್ಟಿಯಲ್ಲಿ ಕಾಣಿಸಲಿ. ಆಮೇಲೆ ನಡುವೆ ಯಾರೂ ಹೊಸದಾಗಿ ಏನನ್ನೂ ಕೇಳುವಂತಿಲ್ಲ ಎಂಬ ನಿಯಮ ಬೇಕು. ಆ ನಿಯಮ ಇಲ್ಲದಿದ್ದರೆ ಬಿಟ್ಟದ್ದೆಲ್ಲ ಎರಡೇ ವರ್ಷದಲ್ಲಿ ಇನ್ನೊಂದು ಹೆಸರಿನಲ್ಲಿ ಮರಳಿ ಬರುತ್ತದೆ.

ಬಾಕಿ ಉಳಿಸಿಕೊಂಡ ಮನೆಯವರ ವಿಷಯದಲ್ಲಿ ಒಂದೇ ಗೆರೆ ಎಳೆಯಬೇಕು: ಹಣದ ಮಾತು ಮಗುವಿನ ಕಿವಿಗೆ ಬೀಳಬಾರದು. ಬಾಕಿ ಪಟ್ಟಿ ತರಗತಿ ಶಿಕ್ಷಕರ ಕೈಗೆ ಹೋಗಬಾರದು. ಅದು ಕಚೇರಿಗೂ ಪೋಷಕರಿಗೂ ನಡುವಿನ ವ್ಯವಹಾರ. ತರಗತಿಯಲ್ಲಿ ಹೆಸರು ಕರೆದು ನಿಲ್ಲಿಸುವುದು, ಪ್ರವೇಶಪತ್ರ ತಡೆಹಿಡಿಯುವುದು, ಪರೀಕ್ಷೆ ದಿನ ಹೊರಗೆ ಕೂರಿಸುವುದು, ಅಂಕಪಟ್ಟಿ ಕೊಡದಿರುವುದು — ಇವು ತಾನು ಮಾಡದ ಸಾಲಕ್ಕೆ ಮಗುವನ್ನು ಒತ್ತೆಯಿಡುವ ಕ್ರಮಗಳು. ಮಾನವ ಘನತೆಯ ಪಾಠ ಹೇಳುವ ಶಾಲೆಯಲ್ಲಿ ಇವುಗಳಿಗೆ ಜಾಗವೇ ಇಲ್ಲ. ರಿಯಾಯಿತಿ ಕೇಳುವ ಅರ್ಜಿ ಒಂದೇ ಪುಟದ್ದಾಗಿರಲಿ. ಮುಖ್ಯೋಪಾಧ್ಯಾಯರು, ಲೆಕ್ಕಿಗರು, ಒಬ್ಬ ಹಿರಿಯ ಶಿಕ್ಷಕರು, ಹೀಗೆ ಮೂವರಿಗಿಂತ ಹೆಚ್ಚು ಜನ ಅದನ್ನು ನೋಡುವುದು ಬೇಡ. ಎರಡು ವಾರದೊಳಗೆ ಲಿಖಿತ ಉತ್ತರ ಹೋಗಬೇಕು. ಹತ್ತು ದಾಖಲೆ ಕೇಳಿದರೆ ನಿಜವಾಗಿ ಕಷ್ಟದಲ್ಲಿರುವವರು ಅರ್ಜಿಯನ್ನೇ ಹಾಕುವುದಿಲ್ಲ. ಕಚೇರಿಯಿಂದ ಕಚೇರಿಗೆ ಅಲೆಯಲು ಬಿಡುವಿರುವವರಿಗೇ ರಿಯಾಯಿತಿ ಸಿಗುತ್ತದೆ. ನೆರವು ಪಡೆದ ಮಗುವನ್ನು ವೇದಿಕೆಗೆ ಕರೆದು ಲಕೋಟೆ ಕೊಡುವ ಪದ್ಧತಿ ಇದ್ದರೆ ಅದನ್ನು ಇಂದೇ ನಿಲ್ಲಿಸಬೇಕು. ದಾನಿಗೆ ಕೃತಜ್ಞತೆ ಹೇಳಲು ಒಂದು ಪತ್ರ ಸಾಕು.

ಇನ್ನು ಸಂಬಳ. ಕೆಲಸಗಾರ ಒಪ್ಪಿದ ಮಾತ್ರಕ್ಕೆ ಕೂಲಿ ನ್ಯಾಯವಾಗುವುದಿಲ್ಲ, ಮಿತವಾಗಿ ಬದುಕುವ ದುಡಿಮೆಗಾರನ ಜೀವನಕ್ಕೆ ಅದು ಸಾಲಬೇಕು, ಬೇರೆ ದಾರಿಯಿಲ್ಲದೆ ಕಡಿಮೆಗೆ ಒಪ್ಪಿದರೆ ಅದು ಅವನ ಮೇಲೆ ನಡೆದ ಬಲಾತ್ಕಾರ ಎಂದು 1891ರ ಪರಿಪತ್ರವೇ ಹೇಳಿದೆ. ಬೋಧಕರನ್ನು ಹತ್ತು ತಿಂಗಳಿಗಷ್ಟೇ ನೇಮಿಸಿ ರಜೆಯ ಸಂಬಳ ಉಳಿಸುವ, ಸಹಿ ಹಾಕಿಸಿಕೊಳ್ಳುವ ಮೊತ್ತವೊಂದು ಕೈಗೆ ಕೊಡುವ ಮೊತ್ತವೊಂದು ಎಂಬಂಥ ರೂಢಿಗಳನ್ನು ಈ ಮಾತಿನ ಎದುರಿಗಿಟ್ಟು ನೋಡಬೇಕು. ಅದಕ್ಕೆ ಹೆಚ್ಚಿನ ವ್ಯಾಖ್ಯಾನ ಬೇಕಾಗಿಲ್ಲ.

ವ್ಯಾಖ್ಯಾನ ಬೇಕಾಗಿರುವುದು ಗುತ್ತಿಗೆಯ ಕೆಲಸಕ್ಕೆ. ಸ್ವಚ್ಛತೆ, ಕಾವಲು, ವಾಹನ, ತೋಟ ಇವನ್ನು ಶಾಲೆಗಳು ಹೊರಗಿನ ಗುತ್ತಿಗೆದಾರರಿಗೆ ವಹಿಸುತ್ತವೆ. ಅಲ್ಲಿಗೆ ತಮ್ಮ ಹೊಣೆ ಮುಗಿಯಿತೆಂದುಕೊಳ್ಳುತ್ತವೆ. 1981ರ ‘ಲಬೊರೆಮ್ ಎಕ್ಸೆರ್ಸೆನ್ಸ್’ ಪರಿಪತ್ರದಲ್ಲಿ ಪೋಪ್ ಎರಡನೇ ಜಾನ್ ಪಾಲ್ ‘ಪರೋಕ್ಷ ಮಾಲೀಕ’ ಎಂಬ ಮಾತನ್ನು ತಂದರು. ಕೂಲಿ ಎಣಿಸಿಕೊಡುವ ಕೈ ಬೇರೆಯದಾದರೂ, ದುಡಿಮೆಯ ಷರತ್ತುಗಳನ್ನು ರೂಪಿಸುವವರಿಗೂ ಅದರ ನ್ಯಾಯ ಅನ್ಯಾಯದಲ್ಲಿ ಪಾಲಿದೆ ಎಂಬುದು ಅದರ ಸಾರ. ಗುತ್ತಿಗೆಯನ್ನು ಅತಿ ಕಡಿಮೆ ದರ ಹೇಳಿದವರಿಗೇ ಕೊಡುವಾಗ ಏನಾಗುತ್ತದೆಂದು ನೋಡಿ. ಪೊರಕೆ, ಫಿನಾಯಿಲುಗಳ ಬೆಲೆಯನ್ನು ಗುತ್ತಿಗೆದಾರ ಇಳಿಸಲಾರ. ಅವನಿಗೆ ಇಳಿಸಲು ಸಿಗುವುದು ಎರಡೇ: ಕೂಲಿ ಮತ್ತು ಆಳುಗಳ ಸಂಖ್ಯೆ. ಐವರ ಕೆಲಸವನ್ನು ಮೂವರು ಮಾಡುತ್ತಾರೆ, ರಜೆ ಹಾಕಿದ ದಿನದ ಕೂಲಿ ಕಡಿತವಾಗುತ್ತದೆ.

ಆದ್ದರಿಂದ ದರಪಟ್ಟಿ ಕರೆಯುವಾಗಲೇ ಮೊತ್ತವನ್ನು ಬಿಡಿಸಿ ಬರೆಯಲು ಹೇಳಬೇಕು: ಆಳುಗಳ ಸಂಖ್ಯೆ, ಒಬ್ಬೊಬ್ಬರ ಕೂಲಿ, ಕಾನೂನುಬದ್ಧ ವಂತಿಗೆಗಳು, ಸಾಮಗ್ರಿ, ಗುತ್ತಿಗೆದಾರನ ಪಾಲು, ಎಲ್ಲವೂ ಬೇರೆ ಬೇರೆ ಸಾಲಿನಲ್ಲಿ. ಪೈಪೋಟಿ ನಡೆಯುವುದಾದರೆ ಕೊನೆಯ ಸಾಲಿನಲ್ಲಿ ಮಾತ್ರ ನಡೆಯಲಿ. ಕರಾರಿನಲ್ಲಿ ಸಂಬಳದ ದಿನ, ವಾರದ ರಜೆ, ಕಾಯಿಲೆಯ ರಜೆ, ಕೈಗವಸು ಮತ್ತು ಪಾದರಕ್ಷೆ ಎಷ್ಟು ತಿಂಗಳಿಗೊಮ್ಮೆ ಎಂಬುದು ಬರಲಿ. ಮೂರು ತಿಂಗಳಿಗೊಮ್ಮೆ ಶಾಲೆಯ ಪರವಾಗಿ ಒಬ್ಬರು, ಗುತ್ತಿಗೆದಾರರಾಗಲಿ ಅವರ ಮೇಸ್ತ್ರಿಯಾಗಲಿ ಎದುರಿಗಿಲ್ಲದ ಹೊತ್ತಿನಲ್ಲಿ, ಕೆಲಸದವರ ಜತೆ ಕುಳಿತು ಕೈಗೆ ಬಂದ ಮೊತ್ತವನ್ನು ಕೇಳಿ ತಿಳಿಯಲಿ. ಮೇಸ್ತ್ರಿಯ ಮುಂದೆ ಕೇಳಿದರೆ ಎಲ್ಲರೂ ಎಲ್ಲ ಸರಿಯಿದೆ ಎಂದೇ ಹೇಳುತ್ತಾರೆ. ನಿಜ ಹೇಳಿದವರ ಹೆಸರು ಗುತ್ತಿಗೆದಾರನಿಗೆ ಗೊತ್ತಾಗದಂತೆ ನೋಡಿಕೊಳ್ಳುವುದೂ ಅಷ್ಟೇ ಮುಖ್ಯ. ಇನ್ನೊಂದು, ಖರ್ಚೇ ಇಲ್ಲದ ಪರೀಕ್ಷೆ: ಅವರು ಊಟಕ್ಕೆ ಎಲ್ಲಿ ಕೂರುತ್ತಾರೆ? ಮೆಟ್ಟಿಲ ಕೆಳಗೋ ಪಂಪ್ ಕೋಣೆಯಲ್ಲೋ ಕೂರುತ್ತಿದ್ದರೆ ಅವರಿಗೊಂದು ಕೋಣೆ, ಕುರ್ಚಿ, ಕುಡಿಯುವ ನೀರು, ಬೀಗವಿರುವ ಪೆಟ್ಟಿಗೆ ಕೊಡುವುದೇ ಆ ವರ್ಷದ ಮೊದಲ ಕೆಲಸವಾಗಲಿ. ಮಕ್ಕಳು ಅವರನ್ನು ಹೆಸರು ಹಿಡಿದು, ಮರ್ಯಾದೆಯ ಬಹುವಚನದಲ್ಲಿ ಮಾತಾಡಿಸುವುದು ರೂಢಿಯಾಗಬೇಕು. ಶಿಕ್ಷಕರು ಮೊದಲು ಹಾಗೆ ಮಾತಾಡಿದರೆ ಮಕ್ಕಳಿಗೆ ಬೇರೆ ಪಾಠ ಬೇಕಾಗುವುದಿಲ್ಲ.

ಈಗ ಸೇವಾ ಕಾರ್ಯಗಳಿಗೆ ಬರೋಣ. ಎಲ್ಲಕ್ಕಿಂತ ಹೆಚ್ಚು ಶ್ರಮ ಸುರಿಯುವುದೂ ಹೆಚ್ಚು ಎಡವುವುದೂ ಇಲ್ಲೇ. ಹಳೇ ಬಟ್ಟೆ, ಆಟಿಕೆ, ಧಾನ್ಯ ಕೂಡಿಹಾಕಿ ಹಂಚುವುದನ್ನೇ ಸಾಮಾಜಿಕ ಬೋಧನೆಯೆಂದು ಕರೆಯುವ ಅಭ್ಯಾಸ ಬೆಳೆದಿದೆ. 2009ರ ಪರಿಪತ್ರವೊಂದರಲ್ಲಿ ಪೋಪ್ ಹದಿನಾರನೇ ಬೆನೆಡಿಕ್ಟ್ ನೇರವಾಗಿ ಬರೆದರು: ನ್ಯಾಯವಾಗಿ ಇನ್ನೊಬ್ಬರಿಗೆ ಸಲ್ಲಬೇಕಾದ್ದನ್ನು ಮೊದಲು ಸಲ್ಲಿಸದೆ ನನ್ನದನ್ನು ಅವರಿಗೆ ದಾನ ಮಾಡಲಾರೆ. ಪರಸ್ಪರ ಹೊಣೆಯೆಂದರೆ ದೂರದವರ ಕಷ್ಟಕ್ಕೆ ಹುಟ್ಟುವ ತೆಳ್ಳಗಿನ ಮರುಕವಲ್ಲ, ಎಲ್ಲರ ಒಳಿತಿಗಾಗಿ ಪಟ್ಟುಹಿಡಿದು ದುಡಿಯುವ ಸಂಕಲ್ಪ ಎಂದು 1987ರಲ್ಲೇ ಜಾನ್ ಪಾಲ್ ಹೇಳಿದ್ದರು. ಸಂಗ್ರಹ ಅಭಿಯಾನ ಆ ಮರುಕದಲ್ಲೇ ನಿಂತುಬಿಡುತ್ತದೆ. ಮೇಲಾಗಿ ಯಾವ ತರಗತಿ ಹೆಚ್ಚು ತಂದಿತೆಂಬ ಸ್ಪರ್ಧೆ ಇಟ್ಟರೆ, ತರಲು ಏನೂ ಇಲ್ಲದ ಮಗು ತನ್ನ ಬಡತನವನ್ನು ಸಹಪಾಠಿಗಳ ಮುಂದೆ ಲೆಕ್ಕ ಒಪ್ಪಿಸಬೇಕಾಗುತ್ತದೆ. ಬಡವರಿಗೆಂದು ಮಾಡಿದ ಕೆಲಸ ತರಗತಿಯ ಬಡ ಮಗುವನ್ನೇ ಕುಗ್ಗಿಸುತ್ತದೆ.

ಇದಕ್ಕೆ ಬದಲಾಗಿ ಧರ್ಮಸಭೆಯೊಳಗೇ ಬೆಳೆದ ಒಂದು ಗಟ್ಟಿ ವಿಧಾನ ಇದೆ: ನೋಡು, ತೂಗಿನೋಡು, ಮಾಡು. ಬೆಲ್ಜಿಯಂನ ಪಾದ್ರಿ ಜೋಸೆಫ್ ಕಾರ್ಡೈನ್ 1925ರ ಸುಮಾರಿಗೆ ಕಟ್ಟಿದ ಯುವ ಕ್ರೈಸ್ತ ಕಾರ್ಮಿಕರ ಚಳವಳಿಯಲ್ಲಿ ಇದು ರೂಪುಗೊಂಡಿತು. 1961ರ ‘ಮಾತೆರ್ ಎತ್ ಮಜಿಸ್ತ್ರಾ’ ಪರಿಪತ್ರದಲ್ಲಿ ಪೋಪ್ ಇಪ್ಪತ್ತಮೂರನೇ ಜಾನ್ ಇದನ್ನು ಹೆಸರಿಸಿ, ಯುವಜನರು ಅಭ್ಯಾಸ ಮಾಡಬೇಕಾದ ಕ್ರಮವೆಂದು ಶಿಫಾರಸು ಮಾಡಿದರು. ಶಾಲೆಯಲ್ಲಿ ಇದಕ್ಕೆ ಎಂಟು ವಾರ ಸಾಕು, ವಾರಕ್ಕೊಂದು ಪೀರಿಯಡ್ಡು, ಆರರಿಂದ ಎಂಟು ಮಕ್ಕಳ ಗುಂಪು, ಗುಂಪಿಗೊಬ್ಬ ಶಿಕ್ಷಕರು.

ಮೊದಲ ಎರಡು ವಾರ ನೋಡುವುದು. ವಿಷಯ ಚಿಕ್ಕದಾಗಿರಬೇಕು, ಮಕ್ಕಳ ಕಣ್ಣಳತೆಯಲ್ಲಿರಬೇಕು. ‘ಬಡತನ’ ಬೇಡ, ‘ನಮ್ಮ ಶಾಲೆಯ ಗೇಟಿನ ಎದುರು ರಸ್ತೆ ದಾಟುವುದು ಯಾರಿಗೆ ಕಷ್ಟ’ ಎಂಬುದು ಆಗುತ್ತದೆ. ‘ಅಂಗವಿಕಲರ ಹಕ್ಕು’ ಬೇಡ. ‘ಗಾಲಿಕುರ್ಚಿಯಲ್ಲಿ ಬಂದವರು ನಮ್ಮ ಗ್ರಂಥಾಲಯ ಮುಟ್ಟಬಲ್ಲರೇ’ ಎಂಬುದು ಸರಿ. ಮಕ್ಕಳು ಎಣಿಸುತ್ತಾರೆ, ಅಳೆಯುತ್ತಾರೆ, ಆ ಕಷ್ಟ ಅನುಭವಿಸುವವರನ್ನೇ ಕೇಳಿ ಬರೆದುಕೊಳ್ಳುತ್ತಾರೆ. ಕಂಡದ್ದು ಬೇರೆ, ಊಹಿಸಿದ್ದು ಬೇರೆ ಎಂದು ತೋರುವಂತೆ ಹಾಳೆಯನ್ನು ಎರಡು ಅಂಕಣ ಮಾಡಿಸಿ. ಮಕ್ಕಳ ಮೊದಲ ಬರಹದಲ್ಲಿ ಊಹೆಯ ಅಂಕಣವೇ ತುಂಬಿರುತ್ತದೆ. ಎರಡನೇ ವಾರ ಅವರನ್ನು ಮತ್ತೆ ನೋಡಲು ಕಳಿಸುವುದು ಅದಕ್ಕಾಗಿಯೇ.

ಮುಂದಿನ ಎರಡು ವಾರ ತೂಗಿನೋಡುವುದು. ನಾಲ್ಕು ಪ್ರಶ್ನೆ: ಇದು ಯಾಕೆ ಹೀಗಿದೆ? ಹೀಗೇ ಇರುವುದರಿಂದ ಯಾರಿಗೆ ಅನುಕೂಲ? ನಷ್ಟ ಯಾರ ಪಾಲಿಗೆ? ಮನುಷ್ಯನ ಘನತೆಯ ಬಗ್ಗೆ ನಾವು ನಂಬುವುದಕ್ಕೆ ಇದು ಒಪ್ಪುತ್ತದೆಯೇ? ಕೊನೆಯ ಪ್ರಶ್ನೆಗೆ ಶುಭಸಂದೇಶದ (ಬೈಬಲಿನಲ್ಲಿ ಯೇಸುವಿನ ಬದುಕು, ಬೋಧನೆ ಹೇಳುವ ಭಾಗ) ಒಂದು ತುಣುಕು, ಪರಿಪತ್ರದ ಒಂದೇ ಒಂದು ಪ್ಯಾರಾ ಓದಿಸಿದರೆ ಸಾಕು. ಹತ್ತು ಪುಟ ಕೊಟ್ಟರೆ ಮಕ್ಕಳು ಅದನ್ನು ಇನ್ನೊಂದು ಪಠ್ಯದಂತೆ ಕಾಣುತ್ತಾರೆ. ಶಾಲೆಗಳು ಹಾರಿಸಿಬಿಡುವ ಹಂತ ಇದೇ, ಮತ್ತು ಅದಕ್ಕೆ ಕಾರಣವೂ ಇದೆ. ‘ಯಾಕೆ’ ಎಂಬ ಪ್ರಶ್ನೆಯನ್ನು ನಾಲ್ಕು ಸಲ ಬೆನ್ನಟ್ಟಿದರೆ ಉತ್ತರ ಎಷ್ಟೋ ಸಲ ಶಾಲೆಯ ಕಚೇರಿಗೋ ಪೋಷಕರ ಕಾರುಗಳಿಗೋ ಬಂದು ನಿಲ್ಲುತ್ತದೆ. ಗೇಟಿನ ಎದುರಿನ ಗೊಂದಲಕ್ಕೆ ಕಾರಣ ಮಕ್ಕಳನ್ನು ಇಳಿಸಲು ಬರುವ ಕಾರುಗಳೇ ಎಂದು ಲೆಕ್ಕ ಹೇಳಿದರೆ ಅದನ್ನು ಕೇಳಿಸಿಕೊಳ್ಳಲು ದೊಡ್ಡವರಿಗೆ ಧೈರ್ಯ ಬೇಕು. ಆ ಧೈರ್ಯ ಇಲ್ಲದ ಕಡೆ ಈ ವಿಧಾನವನ್ನು ಶುರು ಮಾಡದಿರುವುದೇ ಮೇಲು. ಕೇಳಿ ಎಂದು ಹೇಳಿ, ಕೇಳಿದ ಮೇಲೆ ಬಾಯಿ ಮುಚ್ಚಿಸಿದರೆ ಮಕ್ಕಳು ಕಲಿಯುವುದು ನೇರ ವಿರುದ್ಧ ಪಾಠವನ್ನು.

ಆಮೇಲೆ ಮೂರು ವಾರ ಮಾಡುವುದು. ಇಲ್ಲಿ ನೆರವು ಬೇರೆ, ಕಾರಣವನ್ನು ಸರಿಪಡಿಸುವುದು ಬೇರೆ ಎಂದು ಮಕ್ಕಳಿಗೆ ಬಿಡಿಸಿ ತೋರಿಸಬೇಕು, ಮತ್ತು ಪ್ರತಿ ಗುಂಪು ಎರಡರಿಂದಲೂ ಒಂದೊಂದು ಕೆಲಸ ಆರಿಸಿಕೊಳ್ಳಬೇಕು. ಗ್ರಂಥಾಲಯದ ಉದಾಹರಣೆಯಲ್ಲಿ, ಬೇಕಾದವರಿಗೆ ಪುಸ್ತಕ ಕೆಳಗೆ ತಂದುಕೊಡುವುದು ನೆರವು. ಇಳಿಜಾರು ದಾರಿಯ ಅಳತೆ ತೆಗೆದು, ಅಂದಾಜು ಪಟ್ಟಿ ಸಮೇತ ಆಡಳಿತ ಮಂಡಳಿಗೆ ಮನವಿ ಕೊಡುವುದು ಕಾರಣಕ್ಕೆ ಕೈಹಾಕುವುದು. ಅಳತೆಯನ್ನು ಗಣಿತದ ಪೀರಿಯಡ್ಡಿನಲ್ಲೇ ಮಾಡಬಹುದು. ಎತ್ತರ ಒಂದು ಪಾಲಾದರೆ ಉದ್ದ ಹನ್ನೆರಡು ಪಾಲು ಇರಬೇಕೆಂಬುದು ಬಹಳ ಕಡೆ ಬಳಕೆಯಲ್ಲಿರುವ ಲೆಕ್ಕ; ಒಟ್ಟು 45 ಸೆಂಟಿಮೀಟರ್ ಎತ್ತರದ ಮೆಟ್ಟಿಲುಗಳಿಗೆ 5.4 ಮೀಟರ್ ಉದ್ದದ ಇಳಿಜಾರು ಬೇಕಾಗುತ್ತದೆ. ಅಷ್ಟು ಜಾಗ ಇಲ್ಲವೆಂದು ತಿಳಿದಾಗ ಗ್ರಂಥಾಲಯವನ್ನೇ ಮೆಟ್ಟಿಲಿಲ್ಲದ ಕೋಣೆಗೆ ತರೋಣ ಎಂಬ ಮಾತು ಮಕ್ಕಳಿಂದಲೇ ಬರುತ್ತದೆ. ಮನವಿಗೆ ಆಡಳಿತ ಮಂಡಳಿ ಲಿಖಿತ ಉತ್ತರ ಕೊಡಬೇಕು, ಆಗುವುದಿಲ್ಲ ಎಂದಾದರೂ ಕಾರಣ ಬರೆದು.

ಎಂಟನೇ ವಾರ ಹಿಂದಿರುಗಿ ನೋಡುವುದಕ್ಕೆ. ಏನು ಬದಲಾಯಿತು, ಏನು ಬದಲಾಗಲಿಲ್ಲ, ಮುಂದಿನ ವರ್ಷದ ಗುಂಪಿಗೆ ಏನು ಬಿಟ್ಟು ಹೋಗುತ್ತೇವೆ ಎಂದು ಒಂದು ಪುಟ ಬರೆದು ಕಡತದಲ್ಲಿಡಲಿ. ಆ ಪುಟ ಇಲ್ಲದೆ ಹೋದರೆ ಮುಂದಿನ ವರ್ಷದವರು ಮತ್ತೆ ಸೊನ್ನೆಯಿಂದ ಶುರು ಮಾಡುತ್ತಾರೆ.

ಹೊರಗಿನ ಸಂಸ್ಥೆಗಳಿಗೆ ಭೇಟಿ ಕೊಡುವುದಾದರೆ ವರ್ಷಕ್ಕೆ ಐದು ಕಡೆ ಹೋಗಿ ಬರುವುದಕ್ಕಿಂತ ಒಂದೇ ಕಡೆ ಮೂರು ವರ್ಷ ಬಿಡದೆ ಹೋಗುವುದು ಲೇಸು. ಹೋಗುವ ಮುಂಚೆ ಅಲ್ಲಿನವರಿಗೆ ಏನು ಬೇಕು, ಯಾವ ಹೊತ್ತು ಅನುಕೂಲ ಎಂದು ಕೇಳಬೇಕು. ವೃದ್ಧಾಶ್ರಮಕ್ಕೆ ಅರವತ್ತು ಮಕ್ಕಳನ್ನು ಬಸ್ಸಿನಲ್ಲಿ ತುಂಬಿಕೊಂಡು ಹೋದರೆ ಅಲ್ಲಿನ ಹಿರಿಯರು ಪ್ರದರ್ಶನದ ವಸ್ತುಗಳಾಗುತ್ತಾರೆ. ಒಂದು ಸಲಕ್ಕೆ ಹತ್ತು ಹನ್ನೆರಡು ಮಕ್ಕಳು, ಜತೆಗೆ ಕನಿಷ್ಠ ಇಬ್ಬರು ದೊಡ್ಡವರು. ಯಾವ ಮಗುವೂ ಹೊರಗಿನ ವಯಸ್ಕರ ಜತೆ ಒಂಟಿಯಾಗಿ ಇರಬಾರದು, ಪೋಷಕರ ಲಿಖಿತ ಒಪ್ಪಿಗೆ ಇರಲೇಬೇಕು. ಹೋಗುವ ಮುನ್ನ ಒಂದು ಪೀರಿಯಡ್ಡಿನ ತಯಾರಿ, ಬಂದ ಮೇಲೆ ಎರಡು ದಿನದೊಳಗೆ ಮಾತುಕತೆ ಆಗಬೇಕು. ವಾರ ಕಳೆದರೆ ಮಕ್ಕಳ ನೆನಪಿನಲ್ಲಿ ಬಸ್ಸಿನ ಹಾಡಷ್ಟೇ ಉಳಿದಿರುತ್ತದೆ. ನೆರವು ಪಡೆಯುವವರ ಮುಖ ಕಾಣುವ ಫೋಟೊ ಬೇಡ. ಶಾಲೆಯ ಜಾಲತಾಣಕ್ಕೆ ಚಿತ್ರ ಬೇಕೇಬೇಕೆಂದಾದರೆ ಮಕ್ಕಳು ಬರೆದ ಮನವಿ ಪತ್ರದ್ದನ್ನು ಹಾಕಬಹುದಲ್ಲ! ಇಂತಿಷ್ಟು ಗಂಟೆ ಸೇವೆ ಮಾಡಿದರೆ ಇಷ್ಟು ಅಂಕ ಎಂಬ ಪದ್ಧತಿಯೂ ನಮಗೆ ಸರಿಕಾಣದು. ಅಂಕ ಬಂದ ಕೂಡಲೇ ಗಂಟೆ ತುಂಬಿಸಿ ಸಹಿ ಹಾಕಿಸಿಕೊಳ್ಳುವುದೇ ಗುರಿಯಾಗುತ್ತದೆ, ಪೋಷಕರೇ ಆ ಸಹಿ ಹೊಂದಿಸಿಕೊಡುತ್ತಾರೆ. ಮೌಲ್ಯಮಾಪನ ಬೇಕೆನಿಸಿದರೆ ಎಂಟನೇ ವಾರದ ಆ ಒಂದು ಪುಟದ ಬರಹಕ್ಕೇ ಮಾಡಿ.

1931ರ ‘ಕ್ವಾದ್ರಾಜೆಸಿಮೊ ಆನ್ನೊ’ ಪರಿಪತ್ರ ಸ್ಪಷ್ಟವಾಗಿ ಮಂಡಿಸಿದ ತತ್ವ, ಅಂದರೆ ಚಿಕ್ಕ ಸಮುದಾಯ ತಾನೇ ನಿಭಾಯಿಸಬಲ್ಲದ್ದನ್ನು ದೊಡ್ಡದು ಕಸಿದುಕೊಳ್ಳುವುದು ಅನ್ಯಾಯ ಎಂಬುದು, ಶಾಲೆಯಲ್ಲಿ ತರಗತಿ ಸಭೆಯ ರೂಪ ತಾಳಬಲ್ಲದು. ಎರಡು ವಾರಕ್ಕೊಮ್ಮೆ ಮೂವತ್ತು ನಿಮಿಷ, ಎಲ್ಲರೂ ದುಂಡಗೆ ಕುಳಿತು. ಸಭೆ ನಡೆಸುವವರು, ಬರೆದುಕೊಳ್ಳುವವರು, ಹೊತ್ತು ನೋಡುವವರು ಸರದಿಯಂತೆ ಬದಲಾಗಲಿ. ವಿಷಯಗಳನ್ನು ಮಕ್ಕಳು ಮೊದಲೇ ಚೀಟಿ ಬರೆದು ಪೆಟ್ಟಿಗೆಗೆ ಹಾಕಲಿ. ಒಂದು ಸಭೆಗೆ ಮೂರೇ ವಿಷಯ. ಒಬ್ಬ ಮಗುವಿನ ಮೇಲಿನ ದೂರು ಚೀಟಿಯಲ್ಲಿ ಬಂದರೆ ಅದನ್ನು ಸಭೆಗೆ ತರಬಾರದು, ಶಿಕ್ಷಕರು ಪ್ರತ್ಯೇಕವಾಗಿ ನೋಡಬೇಕು. ಇದೊಂದು ನಿಯಮ ತಪ್ಪಿದರೆ ಸಭೆ ಒಬ್ಬರನ್ನು ಗುಂಪುಗೂಡಿ ಬಗ್ಗುಬಡಿಯುವ ಜಾಗವಾಗಿಬಿಡುತ್ತದೆ.

ಇಡೀ ಶಾಲೆಯ ವಿದ್ಯಾರ್ಥಿ ಮಂಡಳಿ ಬೇರೆ ಮಾತು. ಅದು ಹೆಚ್ಚಿನ ಕಡೆ ಸಾಲು ನಿಲ್ಲಿಸುವ, ತಡವಾಗಿ ಬಂದವರ ಹೆಸರು ಬರೆಯುವ ಪೊಲೀಸ್ ಕೆಲಸಕ್ಕಷ್ಟೇ ಇದೆ. ನಾಲ್ಕರಲ್ಲಿ ಒಂದು ಪಾಲು ಸ್ಥಾನಗಳನ್ನಾದರೂ ಚೀಟಿ ಎತ್ತಿ ತುಂಬಿದರೆ ಮಾತು ಬಲ್ಲ ಮಕ್ಕಳಲ್ಲದೆ ಮಾತಾಡದ ಮಕ್ಕಳೂ ಒಳಗೆ ಬರುತ್ತಾರೆ. ಮಂಡಳಿಯ ಕೈಗೆ ಒಂದಿಷ್ಟು ನಿಜವಾದ ಹಣ ಇರಲಿ, ಅದನ್ನು ಖರ್ಚು ಮಾಡಿ ಲೆಕ್ಕ ಒಪ್ಪಿಸುವ ಹೊಣೆಯೂ ಇರಲಿ. ಯಾವುದು ಮಕ್ಕಳೇ ತೀರ್ಮಾನಿಸುವಂಥದ್ದು, ಯಾವುದು ಅವರನ್ನು ಕೇಳಿ ಶಾಲೆ ತೀರ್ಮಾನಿಸುವಂಥದ್ದು, ಯಾವುದು ಶಾಲೆಯದೇ ಎಂದು ವರ್ಷದ ಮೊದಲಲ್ಲೇ ಬರೆದು ಹಾಕಬೇಕು. ಎಲ್ಲವನ್ನೂ ಕೇಳುತ್ತೇವೆ ಎಂದು ಹೇಳಿ ಏನನ್ನೂ ಕೇಳದಿರುವುದಕ್ಕಿಂತ, ಇಷ್ಟನ್ನು ಮಾತ್ರ ಕೇಳುತ್ತೇವೆ ಎಂದು ಹೇಳಿ ಅಷ್ಟನ್ನು ಖಂಡಿತ ಕೇಳುವುದು ಮಕ್ಕಳಿಗೆ ಕೊಡುವ ಗೌರವ.

ಮಕ್ಕಳ ಪಾಲಿಗೆ ತಂದೆತಾಯಿಯೇ ಮೊದಲ ಶಿಕ್ಷಕರು ಎಂದು ಎರಡನೇ ವ್ಯಾಟಿಕನ್ ಮಹಾಸಭೆಯ 1965ರ ಶಿಕ್ಷಣ ಘೋಷಣೆ ಹೇಳುತ್ತದೆ. ಹಾಗಾದರೆ ಪೋಷಕರ ಸಭೆಯನ್ನು ಕೆಲಸದ ದಿನ, ಕೆಲಸದ ಹೊತ್ತಿನಲ್ಲಿ ಇಟ್ಟು, ಬಾರದವರನ್ನು ಹೊಣೆಗೇಡಿಗಳೆನ್ನುವುದು ಸಲ್ಲ. ದಿನಗೂಲಿಯವರಿಗೆ ಆ ಸಭೆಯ ಬೆಲೆ ಒಂದು ದಿನದ ಸಂಪಾದನೆ. ಸಂಜೆ ಒಂದು, ರಜೆಯ ದಿನ ಒಂದು, ಹೀಗೆ ಎರಡು ಆಯ್ಕೆ ಕೊಟ್ಟರೆ ಅರ್ಧ ಸಮಸ್ಯೆ ಕರಗುತ್ತದೆ.

ಶಿಸ್ತಿನ ವಿಷಯ. ತಪ್ಪು ನಡೆದಾಗ ಯಾವ ನಿಯಮ ಮುರಿಯಿತು, ಯಾವ ಶಿಕ್ಷೆ ಎಂಬ ಎರಡೇ ಪ್ರಶ್ನೆಗೆ ನಿಲ್ಲದೆ, ಏನಾಯಿತು, ಯಾರಿಗೆ ನೋವಾಯಿತು, ಅದನ್ನು ಸರಿಪಡಿಸಲು ಏನು ಬೇಕು, ಯಾರು ಎಂದಿನೊಳಗೆ ಅದನ್ನು ಮಾಡುತ್ತಾರೆ ಎಂದು ಕೇಳುವುದು ಘನತೆಗೆ ತಕ್ಕ ಕ್ರಮ. ನೊಂದ ಮಗುವನ್ನು ಮೊದಲು ಕೇಳಬೇಕು. ಎದುರುಬದುರು ಕೂರಲು ಅದು ಒಪ್ಪದಿದ್ದರೆ ಕೂರಿಸಬಾರದು. ಬಲಶಾಲಿಯಾದವನು ದುರ್ಬಲನನ್ನು ತಿಂಗಳುಗಟ್ಟಲೆ ಪೀಡಿಸಿದ ಸಂದರ್ಭದಲ್ಲಂತೂ ಅವಸರದ ರಾಜಿ ಎಂದರೆ ಮತ್ತೊಂದು ಪೀಡನೆ. ಕೈ ಕುಲುಕಿಸಿ, ‘ಕ್ಷಮಿಸು’ ಎನಿಸಿ ಕಳಿಸುವುದು ಐದು ನಿಮಿಷದ ಕೆಲಸ, ಅದರಿಂದ ಏನೂ ಸರಿಯಾಗುವುದಿಲ್ಲ. ಇನ್ನು, ವಯಸ್ಕರಿಂದ ಮಗುವಿಗೆ ದೌರ್ಜನ್ಯವಾಗಿದೆ ಎಂಬ ಸುಳಿವು ಸಿಕ್ಕರೆ ಇಂಥ ಯಾವ ಮಾತುಕತೆಗೂ ಅವಕಾಶವಿಲ್ಲ. ಕಾನೂನು ಹೇಳುವ ಅಧಿಕಾರಿಗಳಿಗೆ ಕೂಡಲೇ ತಿಳಿಸಬೇಕು. ಸಂಸ್ಥೆಯ ಹೆಸರು ಕಾಯುವ ನೆಪದಲ್ಲಿ ಮುಚ್ಚಿಟ್ಟ ಪ್ರಕರಣಗಳು ಧರ್ಮಸಭೆಗೆ ತಂದ ಕಳಂಕ ಜಗತ್ತಿಗೇ ಗೊತ್ತಿದೆ, ಮಕ್ಕಳಿಗೆ ಆದ ಗಾಯ ಅದಕ್ಕಿಂತ ದೊಡ್ಡದು.

ಪೋಪ್ ಫ್ರಾನ್ಸಿಸ್ 2015ರಲ್ಲಿ ಹೊರಡಿಸಿದ ‘ಲೌದಾತೊ ಸಿ’ ಎಂಬ ಪರಿಸರ ಕುರಿತ ಪರಿಪತ್ರ ಬಂದ ಮೇಲೆ ಪರಿಸರದ ಕೆಲಸಕ್ಕೆ ಉತ್ಸಾಹ ಬಂದಿದೆ, ಆದರೆ ಅದು ಗಿಡ ನೆಡುವುದರಲ್ಲೇ ಸುತ್ತುತ್ತಿದೆ. ನೆಟ್ಟ ಗಿಡಕ್ಕೆ ರಜೆಯಲ್ಲಿ ನೀರು ಹಾಕುವವರು ಯಾರೆಂದು ಗೊತ್ತುಮಾಡದೆ ನೆಟ್ಟರೆ ಫೋಟೊ ಮಾತ್ರ ಉಳಿಯುತ್ತದೆ. ಅಳೆಯುವುದರಿಂದ ಶುರು ಮಾಡುವುದು ಒಳ್ಳೆಯದು. ಸೋರುವ ನಲ್ಲಿಯ ಕೆಳಗೆ ಹತ್ತು ನಿಮಿಷ ಅಳತೆಯ ಲೋಟ ಇಡಿ, ಬಂದದ್ದನ್ನು 144ರಿಂದ ಗುಣಿಸಿ; ಒಂದು ದಿನದ ನಷ್ಟ ತಿಳಿಯುತ್ತದೆ. ಹತ್ತು ನಿಮಿಷಕ್ಕೆ 100 ಮಿಲಿಲೀಟರ್ ಎಂದರೆ ದಿನಕ್ಕೆ 14.4 ಲೀಟರ್. ಕಸವನ್ನು ಬೆನ್ನುಬೆನ್ನಿಗೆ ಐದು ಶಾಲಾ ದಿನ, ಒಂದೇ ಹೊತ್ತಿಗೆ, ಹಸಿ, ಕಾಗದ, ಪ್ಲಾಸ್ಟಿಕ್, ಉಳಿದದ್ದು ಎಂದು ನಾಲ್ಕು ಡಬ್ಬಿಗಳಲ್ಲಿ ಬೇರ್ಪಡಿಸಿ ತೂಕದ ಕೊಕ್ಕೆಗೆ ತೂಗುಹಾಕಿ ಬರೆದುಕೊಳ್ಳಿ; ಖಾಲಿ ಡಬ್ಬಿಯ ತೂಕ ಕಳೆಯಲು ಮರೆಯಬಾರದು. ಬೇರ್ಪಡಿಸುವ ಕೆಲಸ ಶಿಕ್ಷೆಯಾಗಿ ಯಾರ ತಲೆಗೂ ಬೀಳಬಾರದು. ತಪ್ಪು ಮಾಡಿದವರಿಗೆ ಕಸ ಎತ್ತುವ ಶಿಕ್ಷೆ ಕೊಟ್ಟರೆ, ದಿನವೂ ಕಸ ಎತ್ತಿ ಬದುಕುವವರ ಬಗ್ಗೆ ಮಕ್ಕಳಿಗೆ ಏನು ಹೇಳಿದಂತಾಯಿತು? ಎಲ್ಲ ತರಗತಿಗಳಿಗೂ ಸರದಿ ಬರಲಿ, ಶಿಕ್ಷಕರಿಗೂ ಬರಲಿ.

ಬೇರೆ ಧರ್ಮದ ಮಕ್ಕಳು, ಶಿಕ್ಷಕರು ಇರುವ ಶಾಲೆಗಳಲ್ಲಿ ಇದೆಲ್ಲ ಹೇಗೆ ಎಂದು ಕೆಲವರು ಕೇಳಬಹುದು. 1963ರ ‘ಪಾಚೆಮ್ ಇನ್ ತೆರಿಸ್’ ಪರಿಪತ್ರವನ್ನು ಕಥೋಲಿಕರಿಗಷ್ಟೇ ಅಲ್ಲ, ಸದ್ಭಾವನೆಯುಳ್ಳ ಎಲ್ಲರಿಗೂ ಉದ್ದೇಶಿಸಿಯೇ ಬರೆಯಲಾಗಿತ್ತು. ನ್ಯಾಯವಾದ ಕೂಲಿ, ಮಗುವಿನ ಮರ್ಯಾದೆ, ನೀರಿನ ಉಳಿತಾಯ ಇವುಗಳ ಬಗ್ಗೆ ಕಾರಣ ಕೊಟ್ಟು ಮಾತಾಡಲು ಬರುತ್ತದೆ. ಶುಭಸಂದೇಶದ ಓದಿನ ಪಕ್ಕದಲ್ಲಿ ಬೇರೆ ಮಕ್ಕಳು ತಮ್ಮ ಪರಂಪರೆಯಿಂದ ಒಂದು ಮಾತು ತಂದರೆ ಗುಂಪಿನ ತೂಗಿನೋಟಕ್ಕೆ ಇನ್ನಷ್ಟು ಬಲ ಬರುತ್ತದೆ. ಪ್ರಾರ್ಥನೆಯಲ್ಲಿ ಸೇರುವುದು ಅವರವರ ಇಷ್ಟ, ಕೆಲಸದಲ್ಲಿ ಎಲ್ಲರೂ ಸಮಪಾಲು.

ಒಂದೇ ವರ್ಷದಲ್ಲಿ ಎಲ್ಲವನ್ನೂ ಕೈಗೆತ್ತಿಕೊಂಡ ಶಾಲೆ ಯಾವುದನ್ನೂ ಮುಗಿಸುವುದಿಲ್ಲ. ಮೊದಲ ವರ್ಷ ಖರ್ಚಿನ ನೋಟ್‌ಬುಕ್, ಶುಲ್ಕದ ಗೆರೆ, ಗುತ್ತಿಗೆ ಕರಾರಿನ ಪರಿಶೀಲನೆ, ಎರಡನೇ ವರ್ಷ ಎರಡು ತರಗತಿಗಳಲ್ಲಿ ಎಂಟು ವಾರದ ಕೆಲಸ ಮತ್ತು ತರಗತಿ ಸಭೆ, ಉಳಿದದ್ದು ಮೂರನೆಯದಕ್ಕೆ. ಇದನ್ನೆಲ್ಲ ಪರಿಶೀಲಿಸುವ ತಂಡದಲ್ಲಿ ಆಡಳಿತದವರ ಹೊರತಾಗಿ ಒಬ್ಬ ಸ್ವಚ್ಛತಾ ಕೆಲಸಗಾರರು, ರಿಯಾಯಿತಿ ಪಡೆಯದಿದ್ದರೂ ಕಷ್ಟಪಟ್ಟು ಶುಲ್ಕ ಕಟ್ಟುತ್ತಿರುವ ಒಬ್ಬ ಪೋಷಕರು, ಮೇಲಿನ ತರಗತಿಯ ಇಬ್ಬರು ವಿದ್ಯಾರ್ಥಿಗಳು ಇರಬೇಕು. ಕೆಲಸಗಾರರು ಸಭೆಗೆ ಕೂರುವ ಹೊತ್ತಿಗೆ ಕೂಲಿ ಕಡಿತವಾಗಬಾರದು. ಈ ತಂಡ ಸೇರಬೇಕಾದದ್ದು ಮುಂದಿನ ವರ್ಷದ ಬಜೆಟ್ಟಿಗೆ ಒಪ್ಪಿಗೆ ಬೀಳುವ ಕನಿಷ್ಠ ಎರಡು ತಿಂಗಳು ಮುಂಚೆ; ಗುತ್ತಿಗೆಯ ದರಪಟ್ಟಿ ಕರೆಯುವುದೂ ಶುಲ್ಕದ ಪಟ್ಟಿ ಅಚ್ಚಾಗುವುದೂ ಆಮೇಲೆಯೇ.

ಇತಿ,
ಕಥೋಲಿಕ ಶಾಲೆಗಳ ಕೆಲವು ಶಿಕ್ಷಕರು